ಮೂಡಲ ಬಾಗಿಲಿನ ಮಹಾಪಂಡಿತ ಶ್ರೀಪಾದರಾಜರು

ಚನ್ನಪಟ್ಟಣದ ಸಮೀಪದ ಅಬ್ಬೂರಿಗೆ ಹೊರಟಿದ್ದ ಸ್ವರ್ಣವರ್ಣತೀರ್ಥರೆಂಬ ಯತಿಗಳು, ದನ ಕಾಯುತ್ತಿದ್ದ ಬಾಲಕನೊಬ್ಬನನ್ನು ಕಂಡು, ಊರು ಇನ್ನೆಷ್ಟು ದೂರವೆಂದು ಕೇಳಿದರಂತೆ. ಬಾಲಕನು ಹರದಾರಿಯ ಲೆಕ್ಕ ಹೇಳಲಿಲ್ಲ. ಮುಳುಗುತ್ತಿರುವ ಸೂರ್ಯನನ್ನೂ ದನಗಳನ್ನೂ ಎಳೆಯನಾದ ತನ್ನನ್ನೂ ನೋಡಿ ದೂರವನ್ನು ಊಹಿಸಿಕೊಳ್ಳಬಹುದೆಂದನು. ಸಂಜೆಯಾದರೂ ಚಿಕ್ಕ ಹುಡುಗನು ನಿಶ್ಚಿಂತನಾಗಿದ್ದಾನೆಂದ ಮೇಲೆ ಊರು ಸಮೀಪದಲ್ಲಿಯೇ ಇರಬೇಕಷ್ಟೆ!

ಇದು ಪರಂಪರೆಯಿಂದ ಬಂದ ಕಥೆ. ಆದರೆ ಲಕ್ಷ್ಮೀನಾರಾಯಣನೆಂಬ ಆ ಬಾಲಕನು ಮುಂದೆ 15ನೆಯ ಶತಮಾನದ ಶ್ರೇಷ್ಠ ತಾರ್ಕಿಕರಲ್ಲೊಬ್ಬನಾದುದು ಸತ್ಯ. ಸ್ವರ್ಣವರ್ಣತೀರ್ಥರಿಂದ ಸಂನ್ಯಾಸವನ್ನು ಪಡೆದು, ಲಕ್ಷ್ಮೀನಾರಾಯಣತೀರ್ಥರೆನಿಸಿ, ಶ್ರೀಪಾದರಾಜರೆಂಬ ಬಿರುದಿನಿಂದ ಅವರು ಪ್ರಖ್ಯಾತರಾದರು. ಯಲ್ದೂರು, ಶ್ರೀನಿವಾಸಪುರಗಳ ನೆರೆಯ ಮುಳಬಾಗಿಲು, ಅರ್ಥಾತ್ 'ಮೂಡಲ ಬಾಗಿಲು', ಅವರ ವಿದ್ಯಾಪೀಠವಾಯಿತು.

ಅನುಮಾನವೆಂದರೇನು?

ಬಾಲಕನ ಉತ್ತರವನ್ನು ತರ್ಕಶಾಸ್ತ್ರವು 'ಅನುಮಾನ'ವೆನ್ನುತ್ತದೆ. ಇಲ್ಲಿ ಈ ಪದಕ್ಕೆ ಸಂಶಯವೆಂಬ ಅರ್ಥವಿಲ್ಲ. ಕಂಡದ್ದರಿಂದ ಕಾಣದ್ದನ್ನು ನಿಶ್ಚಯಿಸುವುದೆಂದೇ ಅರ್ಥ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ತಿಳಿಯುತ್ತೇವೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬ ನಿಯತ ಸಂಬಂಧವೇ 'ವ್ಯಾಪ್ತಿ'. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿದೆ? ಹೊಗೆ ಬರಲು ಹಸಿ ಸೌದೆಯೂ ಬೇಕು. ಹೀಗೆ ಮರೆಯಲ್ಲಿ ನಿಂತು ನಮ್ಮ ನಿರ್ಣಯವನ್ನು ಕೆಡಿಸುವ ಅಂಶಕ್ಕೆ 'ಉಪಾಧಿ'ಯೆಂದು ಹೆಸರು. ಇಂದಿನ ಪ್ರಯೋಗಶಾಲೆಯ ವಿದ್ಯಾರ್ಥಿಗೂ ಈ ಎಚ್ಚರಿಕೆ ಅಗತ್ಯವಾದುದೇ.

ಎರಡು ದೇಶ, ಒಂದೇ ಪದ್ಧತಿ

ಅದೇ ಶತಮಾನದಲ್ಲಿ ಜರ್ಮನಿಯಲ್ಲಿ ಗೇಬ್ರಿಯಲ್ ಬೀಲ್ ಎಂಬ ದೇವತಾಶಾಸ್ತ್ರಜ್ಞನಿದ್ದನು. 1477ರಲ್ಲಿ ಸ್ಥಾಪಿತವಾದ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಅವನು 1484ರಿಂದ ಅಧ್ಯಾಪಕನಾಗಿದ್ದನು. 12ನೆಯ ಶತಮಾನದ ಪೀಟರ್ ಲೊಂಬಾರ್ಡನ ಗ್ರಂಥಕ್ಕೆ, ಓಕಮ್ಮನ ಮಾರ್ಗವನ್ನನುಸರಿಸಿ, ಅವನು ವ್ಯಾಖ್ಯಾನ ಬರೆದನು. ಇತ್ತ, ಬಾದರಾಯಣರ ಬ್ರಹ್ಮಸೂತ್ರಗಳ ಮೇಲೆ ಮಧ್ವಾಚಾರ್ಯರ 'ಅನುವ್ಯಾಖ್ಯಾನ', ಅದರ ಮೇಲೆ ಜಯತೀರ್ಥರ 'ನ್ಯಾಯಸುಧಾ', ಅದರ ಮೇಲೆ ಶ್ರೀಪಾದರಾಜರ 'ವಾಗ್ವಜ್ರ'! ಪರಸ್ಪರ ಪರಿಚಯವೇ ಇಲ್ಲದ ಈ ಎರಡು ನಾಡುಗಳಲ್ಲಿಯೂ ಪೂರ್ವಪಕ್ಷವನ್ನು ಮೊದಲು ನಿರೂಪಿಸಿ, ಬಳಿಕ ಖಂಡಿಸಿ, ಸಿದ್ಧಾಂತವನ್ನು ನಿಲ್ಲಿಸುವುದೇ ಪಾಂಡಿತ್ಯದ ಲಕ್ಷಣವಾಗಿತ್ತು. ಒಂದು ವ್ಯತ್ಯಾಸ ಮಾತ್ರ ಮುಖ್ಯವಾದುದು: ಜರ್ಮನಿಯಲ್ಲಿ 1450ರ ದಶಕದಲ್ಲಿಯೇ ಗುಟೆನ್‌ಬರ್ಗನ ಮುದ್ರಣಯಂತ್ರವು ಕೆಲಸ ಮಾಡತೊಡಗಿತ್ತು, ಇಲ್ಲಿ ಗ್ರಂಥಗಳು ತಾಳೆಗರಿಯ ಮೇಲೆ, ಒಂದೊಂದಾಗಿ, ಕೈಬರಹದಲ್ಲಿಯೇ ಉಳಿಯಬೇಕಾಗಿದ್ದವು. ಗರಿಯನ್ನು ಹುಳು ತಿಂದರೆ ವಾದವೇ ನಷ್ಟ. ಆದುದರಿಂದ ಶಿಷ್ಯನ ನೆನಪೇ ಗುರುವಿನ ಮುಖ್ಯ ಗ್ರಂಥಭಂಡಾರವಾಗಿತ್ತು.

ಜ್ಞಾನಕ್ಕೆ ಸಾಕ್ಷಿ ಯಾರು?

ದ್ವೈತಿಗಳು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಒಪ್ಪುತ್ತಾರೆ. ಆದರೆ ಒಂದು ಜ್ಞಾನವು ಸತ್ಯವೆಂಬುದಕ್ಕೆ ಇನ್ನೊಂದು ಜ್ಞಾನ ಬೇಕೆಂದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗಿ, ಈ ಸರಪಳಿಗೆ ಕೊನೆಯೇ ಇರದು. ಇದೇ 'ಅನವಸ್ಥೆ'. ಈ ತೊಡಕನ್ನು ಬಿಡಿಸಲು ಅವರು ಆತ್ಮಸ್ವರೂಪವೇ ಆದ 'ಸಾಕ್ಷಿ'ಯನ್ನು ಅಂಗೀಕರಿಸಿದರು. ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಸಾಕ್ಷಿಯೇ ಗ್ರಹಿಸುತ್ತದೆಂಬುದು ಅವರ ಮತ. ಇದನ್ನು ಒಪ್ಪಲಿ ಬಿಡಲಿ, ಪ್ರಶ್ನೆಯಂತೂ ಹಳೆಯದಾಗಿಲ್ಲ.

ಈ ವಾದಗಳನ್ನು ಮುಳಬಾಗಿಲಿನಲ್ಲಿ ಕಲಿತ ಶಿಷ್ಯರಲ್ಲಿ ವ್ಯಾಸತೀರ್ಥರು ಅಗ್ರಗಣ್ಯರು. ನೈಯಾಯಿಕರ ಮತವನ್ನು ಪರೀಕ್ಷಿಸುವ 'ತರ್ಕತಾಂಡವ'ವನ್ನು ರಚಿಸಿ, ಅವರು ವಿಜಯನಗರದಲ್ಲಿ ಮಾನ್ಯರಾದರು.

ಶ್ರೀಪಾದರಾಜರು ಸಂಸ್ಕೃತದಲ್ಲಿ ಪಂಡಿತರೊಡನೆ ವಾದಿಸಿದರಷ್ಟೇ ಅಲ್ಲ, 'ರಂಗವಿಠಲ' ಎಂಬ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನೂ ರಚಿಸಿದರು. ಸೂತ್ರ, ಭಾಷ್ಯಗಳನ್ನು ಓದಲಾರದವರಿಗೂ ತಮ್ಮ ಸಿದ್ಧಾಂತದ ಸಾರವು ದೊರೆಯಬೇಕೆಂದರೆ ಅದು ಜನರ ನುಡಿಯಲ್ಲಿಯೇ ಬರಬೇಕಷ್ಟೆ. ಹರಿದಾಸ ಸಾಹಿತ್ಯದ ಪಿತಾಮಹರೆಂದು ಅವರನ್ನು ಗೌರವಿಸುವುದು ಇದಕ್ಕಾಗಿಯೇ. ವ್ಯಾಸತೀರ್ಥರ ಮೂಲಕ ಈ ಧಾರೆಯೇ ಪುರಂದರದಾಸ, ಕನಕದಾಸರವರೆಗೆ ಹರಿಯಿತು.

ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿ ಅವರ ವೃಂದಾವನವಿದೆ. ಕೋಲಾರ ಸೀಮೆಯ ವಿದ್ಯಾರ್ಥಿಗಳು ಅಲ್ಲಿಗೆ ಹೋದಾಗ, ಅದು ಕೇವಲ ಯಾತ್ರಾಸ್ಥಳವಲ್ಲ, ಐದು ಶತಮಾನಗಳ ಹಿಂದೆ 'ನಿನಗೆ ಹೇಗೆ ಗೊತ್ತು?' ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಪಾಠಶಾಲೆಯ ನೆಲವೂ ಹೌದೆಂಬುದನ್ನು ನೆನೆಯಬೇಕು.