ಕತ್ತರಿ ಮತ್ತು ಚಿಗುರು: ಕಾಮಿನಿಯ ಬೇಲಿ

ಉದ್ಯಾನದ ಅಂಚಿಗೆ ಹಸಿರು ಗೋಡೆಯನ್ನು ಕಟ್ಟುವ ಗಿಡವೆಂದರೆ ಯೂರೋಪಿನವರಿಗೆ ಬಾಕ್ಸ್‌ವುಡ್. ಅದರ ಎಲೆ ಚಿಕ್ಕದು, ಬೆಳವಣಿಗೆ ನಿಧಾನ, ಮರವು ನೀರಿನಲ್ಲಿ ಮುಳುಗುವಷ್ಟು ಭಾರ. ಆದರೆ ತಂಪುನಾಡಿನ ಈ ಸಸ್ಯಕ್ಕೆ ನಮ್ಮ ಬೇಸಗೆ ಅಷ್ಟಾಗಿ ಹಿತವಲ್ಲ. ಮೈಸೂರಿನ ವಿದ್ಯಾರಣ್ಯಪುರದಂತಹ ಬಡಾವಣೆಯ ಮನೆಯಂಗಳಕ್ಕೆ ಅದರ ಬದಲು ಕಾಮಿನಿಯು ಚೆನ್ನಾಗಿ ಒಪ್ಪುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಮುರ್ರಾಯ ಪ್ಯಾನಿಕ್ಯುಲೇಟ. ಇಂಗ್ಲಿಷಿನಲ್ಲಿ ಇದಕ್ಕೆ ‘ಚೈನಾ ಬಾಕ್ಸ್’ ಎಂಬ ಹೆಸರು ಉಂಟಾದರೂ ಬಾಕ್ಸ್‌ವುಡ್ಡಿಗೂ ಇದಕ್ಕೂ ಬಂಧುತ್ವವಿಲ್ಲ. ಇದರ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸೂಕ್ಷ್ಮವಾದ ಚುಕ್ಕೆಗಳು ಕಾಣುತ್ತವೆ. ಅವು ತೈಲಗ್ರಂಥಿಗಳು, ಕಾಮಿನಿಯು ನಿಂಬೆ, ಕಿತ್ತಳೆ, ಕರಿಬೇವುಗಳ ಕುಟುಂಬದ್ದೆಂಬುದಕ್ಕೆ ಕುರುಹು.

ಜೂನ್ ತಿಂಗಳ ಮಳೆ ಹಿಡಿದ ಮೇಲೆ ನೆಡುವುದು ಮೇಲು. 1½ ಅಡಿ ಆಳದ ಸಾಲುಗುಣಿಯನ್ನು ತೋಡಿ, ಮಣ್ಣಿಗೆ ಕಳಿತ ಗೊಬ್ಬರವನ್ನು ಬೆರೆಸಿ, ಗಿಡದಿಂದ ಗಿಡಕ್ಕೆ 1½ ಅಡಿ ಅಂತರವಿಡಬೇಕು. ಬುಡದಲ್ಲಿ ನೀರು ನಿಲ್ಲಬಾರದು.

ನೆಟ್ಟ ಗಿಡವನ್ನು ಹಾಗೆಯೇ ಬಿಟ್ಟರೆ ಅದು ಎತ್ತರಕ್ಕೆ ಹೋಗುವುದೇ ಹೊರತು ದಟ್ಟವಾಗುವುದಿಲ್ಲ. ಇದಕ್ಕೆ ಕಾರಣವೇನು? ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದು ಮೊಗ್ಗು ನಿದ್ರಿಸುತ್ತಿರುತ್ತದೆ. ಕೊಂಬೆಯ ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಅದನ್ನು ಎಚ್ಚರಗೊಳ್ಳಗೊಡದು. ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1933ರಲ್ಲಿ ಹುರುಳಿಯ ಜಾತಿಯ ಗಿಡದ ತುದಿಯನ್ನು ಕತ್ತರಿಸಿ, ಆ ಜಾಗಕ್ಕೆ ಆಕ್ಸಿನನ್ನು ಹಚ್ಚಿ, ಪಕ್ಕದ ಮೊಗ್ಗುಗಳು ಮತ್ತೆ ಸುಮ್ಮನಿರುವುದನ್ನು ತೋರಿಸಿದರು. ತುದಿಯು ಸೆಳೆಯುತ್ತಿದ್ದ ಸಕ್ಕರೆಯು ಮೊಗ್ಗುಗಳಿಗೆ ದೊರೆಯುವುದೂ ಅವು ಏಳಲು ಕಾರಣವೆಂದು ಈಗ ತಿಳಿದುಬಂದಿದೆ. ನಮ್ಮ ಕತ್ತರಿಯು ಮಾಡುವ ಕೆಲಸ ಇದೇ: ಒಂದು ತುದಿಯನ್ನು ತೆಗೆದು ಹಲವು ಮೊಗ್ಗುಗಳನ್ನು ಎಬ್ಬಿಸುವುದು. ಬೇಲಿಯ ಬುಡವನ್ನು ತಲೆಗಿಂತ ತುಸು ಅಗಲವಾಗಿ ಉಳಿಸಿದರೆ ಕೆಳಗಿನ ಎಲೆಗಳಿಗೂ ಬೆಳಕು ಸಿಗುತ್ತದೆ.

ಆದರೆ ಈ ಹೊಸ ಚಿಗುರನ್ನು ಕಾಯುವವರು ನಾವು ಮಾತ್ರವಲ್ಲ. ಸುಮಾರು 3 ಮಿಲಿಮೀಟರ್ ಉದ್ದದ, ಸಿಲ್ಲ ಎಂಬ ರಸಹೀರುವ ಕೀಟವು ಎಳೆಯ ಚಿಗುರಿನಲ್ಲಿಯೇ ಮೊಟ್ಟೆಯಿಡುತ್ತದೆ. ಕಾಮಿನಿಯು ಅದಕ್ಕೆ ಅಚ್ಚುಮೆಚ್ಚು. ಇದೇ ಕೀಟವು ನಿಂಬೆ, ಕಿತ್ತಳೆಗಳಿಗೆ ‘ಗ್ರೀನಿಂಗ್’ ರೋಗದ ಬ್ಯಾಕ್ಟೀರಿಯವನ್ನು ಒಯ್ಯುತ್ತದೆ. ರೋಗ ತಗುಲಿದ ಮರದ ಎಲೆ ಹಳದಿ ಮಚ್ಚೆಗೊಳ್ಳುತ್ತದೆ. ಕಾಯಿ ಸೊಟ್ಟಗಾಗಿ ಹಸಿರಾಗಿಯೇ ಉಳಿಯುತ್ತದೆ. ಮರವನ್ನು ಗುಣಪಡಿಸುವ ಮದ್ದಿಲ್ಲ. ಕೊಡಗಿನ ಕಿತ್ತಳೆ ತೋಟಗಳನ್ನು ಕಾಡಿದ ರೋಗಗಳಲ್ಲಿ ಇದೂ ಒಂದು.

ಆದುದರಿಂದ ಹಿತ್ತಿಲಿನಲ್ಲಿ ನಿಂಬೆಯ ಗಿಡವಿದ್ದರೆ ಕಾಮಿನಿಯ ಬದಲು ಬೇರೆ ಕುಟುಂಬದ ದುರಾಂಟವನ್ನು ಬೇಲಿಗೆ ಆರಿಸಿಕೊಳ್ಳುವುದು ಜಾಣತನ. ಕಾಮಿನಿಯೇ ಬೇಕೆಂದಾದರೆ ಪ್ರತಿ ಸಲ ಕತ್ತರಿಸಿದ ಮೇಲೂ ಚಿಗುರನ್ನು ಪರೀಕ್ಷಿಸಿ, ಮುದುಡಿದ, ಬಿಳಿಯ ಮೇಣದ ಎಳೆಗಳುಳ್ಳ ಕುಡಿಗಳನ್ನು ಚಿವುಟಿ ನಾಶಮಾಡಬೇಕು. ಕತ್ತರಿಯನ್ನು ಆಡಿಸಿದೊಡನೆ ತೋಟಗಾರನ ಕೆಲಸ ಮುಗಿಯುವುದಿಲ್ಲ. ಚಿಗುರು ಬಲಿಯುವವರೆಗೂ ಅವನ ಕಣ್ಣು ಬೇಲಿಯ ಮೇಲಿರಬೇಕು.