ಹಸಿರೆಲ್ಲ ಹಸನಲ್ಲ

ಹಸಿರು ಎಂಬ ಮಾತು ನಮ್ಮ ಕಿವಿಗೆ ಸದಾ ಮಂಗಳಕರವಾಗಿಯೇ ಕೇಳಿಸುತ್ತದೆ. ಹೊಲ ಹಸಿರಾದರೆ ರೈತನ ಮೊಗ ಅರಳುತ್ತದೆ. ಆದರೆ ಕೆರೆಯ ನೀರೇ ಹಸಿರಾದರೆ ಹಿಗ್ಗುವ ಮುನ್ನ ತುಸು ಯೋಚಿಸಬೇಕಾಗುತ್ತದೆ. ಬೆಂಗಳೂರು ದಂಡುಪ್ರದೇಶದ ಅಂಚಿನಲ್ಲಿರುವ ಹಲಸೂರು ಕೆರೆ ಈ ಪಾಠವನ್ನು ನಮಗೆ ಕಲಿಸಿದೆ.

ಪಾಚಿ ಎಂದೊಡನೆ ನಮಗೆ ನೆನಪಾಗುವುದು ಬಾವಿಯ ಮೆಟ್ಟಿಲಿನ ಜಾರಿಕೆ. ಆದರೆ ಕೆರೆಯ ಪಾಚಿಯಲ್ಲಿ ಬಹುಪಾಲು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸೂಕ್ಷ್ಮವಾದದ್ದು. ಬೇರಿಲ್ಲ, ಎಲೆಯಿಲ್ಲ, ಆದರೂ ಗಿಡಮರಗಳಂತೆ ಅದು ಬಿಸಿಲಿನ ಬಲದಿಂದ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ, ಆಗ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ಪಾಚಿಯನ್ನು ನೀರಿನ ಕಿರುಜೀವಿಗಳು ತಿನ್ನುತ್ತವೆ, ಅವನ್ನು ಮೀನು, ಮೀನನ್ನು ನೀರುಕಾಗೆ. ಹೀಗೆ ಕೆರೆಯ ಸಂಸಾರವೆಲ್ಲ ನಿಂತಿರುವುದು ಪಾಚಿಯ ಮೇಲೆಯೇ. ಆದ್ದರಿಂದ ಪಾಚಿ ಶತ್ರುವಲ್ಲ. ಅದರ ಅತಿಯೇ ಶತ್ರು.

ಹಿಮಾಲಯದ ಎತ್ತರದ ಸರೋವರಗಳು ಕನ್ನಡಿಯಂತೆ ತಿಳಿಯಾಗಿರುವುದೇಕೆ? ಬಂಡೆಯ ಮೇಲೆ ಕರಗಿ ಹರಿದ ಹಿಮದ ನೀರಿನಲ್ಲಿ ಪೋಷಕಾಂಶಗಳು ತೀರ ವಿರಳ, ಚಳಿಯೋ ದೀರ್ಘ. ಅಲ್ಲಿ ಪಾಚಿ ಅರೆಹೊಟ್ಟೆಯಲ್ಲಿ ಬದುಕುತ್ತದೆ. ನಮ್ಮ ಊರೂ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ ನಿಜ. ಆದರೆ ಇಲ್ಲಿನ ಕೆರೆಗಳು ಏರಿ ಕಟ್ಟಿ ನಿಲ್ಲಿಸಿದ ಆಳವಿಲ್ಲದ ಜಲರಾಶಿಗಳು. ವರ್ಷವಿಡೀ ಬಿಸಿಲುಂಟು, ಬೆಚ್ಚನೆಯ ನೀರುಂಟು. ಇದರ ಮೇಲೆ ಮನೆಮನೆಯ ಕೊಳಚೆಯೂ ಸಾಬೂನುಪುಡಿಯ ನೀರೂ ಸೇರಿದರೆ ಪಾಚಿಗೆ ನಿತ್ಯವೂ ಹಬ್ಬದೂಟ.

ಆ ಊಟದಲ್ಲಿ ಮುಖ್ಯವಾದದ್ದು ರಂಜಕ. ಕೆನಡಾದ ವಿಜ್ಞಾನಿಗಳು ೧೯೭೩ರಲ್ಲಿ ಒಂದು ಸರೋವರವನ್ನು ಪರದೆಯಿಂದ ಎರಡು ಪಾಲು ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕಗಳನ್ನು ಬೆರೆಸಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಬೇಸಗೆ ಕಳೆಯುವ ಹೊತ್ತಿಗೆ ರಂಜಕ ಉಂಡ ಪಾಲು ದಟ್ಟ ಹಸಿರಾಯಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು.

ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಉಸಿರಾಡುತ್ತದೆ. ಸತ್ತ ಪಾಚಿಯನ್ನೂ ಕೊಳಚೆಯನ್ನೂ ಕೊಳೆಯಿಸುವ ಸೂಕ್ಷ್ಮಾಣುಗಳಿಗೂ ಅದೇ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಮೆ. ಹೀಗಾಗಿ ಬೆಳಗಿನ ಜಾವದ ಹೊತ್ತಿಗೆ ಮೀನಿನ ಪಾಲಿಗೆ ಏನೂ ಉಳಿಯದಿರಬಹುದು. ೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿದ ಆ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು.

ಪರಿಹಾರವೇನು? ಮೇಲಿನ ಪಾಚಿಯನ್ನು ಬಾಚಿ ತೆಗೆದರೆ ಸಾಲದು. ಉಣಿಸುವ ಕೈ ನಿಲ್ಲದೆ ಉಣ್ಣುವ ಬಾಯಿ ನಿಲ್ಲದು. ಮೊದಲು ಕೊಳಚೆಯನ್ನು ರಾಜಕಾಲುವೆಗೆ ಸೇರದಂತೆ ತಡೆದು ಶುದ್ಧೀಕರಿಸಬೇಕು. ಆಮೇಲೆ ಹೂಳೆತ್ತಬೇಕು, ಏಕೆಂದರೆ ವರ್ಷಗಟ್ಟಲೆ ತಳದಲ್ಲಿ ಕೂಡಿಟ್ಟ ರಂಜಕ ಮೆಲ್ಲಮೆಲ್ಲನೆ ನೀರಿಗೆ ಮರಳುತ್ತಲೇ ಇರುತ್ತದೆ. ಹಲಸೂರಿನ ಕೋಡಿ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಸಾಗುತ್ತದೆ. ಹಿಂದೆ ನಮ್ಮ ಊರುಗಳಲ್ಲಿ ತೂಬನ್ನೂ ಕಾಲುವೆಯನ್ನೂ ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಇಂದು ಬಚ್ಚಲಿಗೆ ನೀರು ಸುರಿಯುವ ಪ್ರತಿಯೊಬ್ಬರಿಗೂ ಆ ಕೆಲಸದ ಒಂದು ಪಾಲು ಬಂದಿದೆ.