ಜೀವ ಬೇಸತ್ತ ಹೊತ್ತಿನಲ್ಲಿ ಫೋನು: ನಾವು ಮಾಡಿ ನೋಡಿದ್ದು

ನಮ್ಮ ಮನೆ ಪಡಸಾಲೆಯ ಗೋಡೆ ಮೇಲೆ ನಾಲ್ಕು ನಂಬರು ಬರೆದಿದೆ. ಕರೆಂಟಿಗೆ 1912, ದನಕ್ಕೆ 1962, ಆಂಬುಲೆನ್ಸಿಗೆ 108, ಮನಸ್ಸಿಗೆ 14416. ಮೊದಲ ಮೂರು ಎಲ್ಲರಿಗೂ ಗೊತ್ತು. ನಾಲ್ಕನೆಯದನ್ನು ನೋಡಿದವರು ಇದೇನು ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನನ್ನದು ಚಳ್ಳಕೆರೆ ಕಡೆಯ ಖುಷ್ಕಿ ಜಮೀನು. ಶೇಂಗಾ, ಮಧ್ಯೆ ತೊಗರಿ ಸಾಲು, ಮನೆಖರ್ಚಿಗೆ ಸಜ್ಜೆ. ಓದಿದ್ದು ಏಳನೇ ಕ್ಲಾಸು. ಡಾಕ್ಟರ ಹಾಗೆ ಬರೆಯಲು ಬರುವುದಿಲ್ಲ. ಫೋನು ಮಾಡಿದರೆ ಯಾರು ಎತ್ತುತ್ತಾರೆ, ಏನು ಕೇಳುತ್ತಾರೆ, ಆಮೇಲೆ ಏನಾಗುತ್ತದೆ ಎಂಬಷ್ಟನ್ನು ಕಂಡಂತೆ ಹೇಳುತ್ತೇನೆ.

ಈ ಏರ್ಪಾಡಿನ ಹೆಸರು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿತು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಭಾನುವಾರ ಹಬ್ಬ ಅಂತ ರಜೆ ಇಲ್ಲ. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು. 14416 ಹತ್ತದಿದ್ದರೆ 1800-891-4416 ಒತ್ತಬೇಕು. ಗುಂಡಿ ಒತ್ತುವ ಹಳೇ ಫೋನಾದರೂ ನಡೆಯುತ್ತದೆ. ಮೊದಲು ಯಂತ್ರದ ದನಿ ಬಂದು ಭಾಷೆ ಕೇಳುತ್ತದೆ. ಅದು ಹೇಳಿದ ಗುಂಡಿ ಒತ್ತಿದರೆ ತರಬೇತಿಯಾದ ಸಲಹೆಗಾರರು ಸಿಗುತ್ತಾರೆ. ಅವರಿಂದ ಆಗದ ವಿಷಯವಾದರೆ ಮೇಲಿನ ಮನೋವೈದ್ಯರಿಗೆ ದಾಟಿಸುತ್ತಾರೆ. 2025ರ ಹೊತ್ತಿಗೆ ದೇಶದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಕರೆ ಇದಕ್ಕೆ ಬಂದಿವೆ. ಹಾಗಾಗಿ ನಾನೊಬ್ಬನೇ ಹೀಗೆ ಫೋನು ಮಾಡುವವನು ಅಂತ ನಾಚಬೇಕಾಗಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಕಷ್ಟದಲ್ಲಿ ಇರುವವನೇ ಫೋನು ಮಾಡಬೇಕು ಅಂತಿಲ್ಲ. ಹೆಂಡತಿ, ಅಣ್ಣ, ಪಕ್ಕದ ಹೊಲದವನು, ಯಾರು ಬೇಕಾದರೂ ಮಾಡಬಹುದು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅವನಿಗೆ ಐದು ಅಂಕಿ ಒತ್ತುವ ತ್ರಾಣವೂ ಇರುವುದಿಲ್ಲ. ಪಕ್ಕದವರೇ ಮಾಡಬೇಕು.

2023 ಬರದ ವರ್ಷ. ನಮ್ಮ ಕಡೆ ಶೇಂಗಾ ಹೂವಿನಲ್ಲೇ ಬಾಡಿತು, ಬಿತ್ತನೆ ಬೀಜದ ದುಡ್ಡೂ ಹುಟ್ಟಲಿಲ್ಲ. ನನ್ನ ಚಿಕ್ಕಪ್ಪನ ಮಗ, ಹೆಸರು ಬೇಡ, ಒಂದು ಫೈನಾನ್ಸಿನಲ್ಲಿ ಸಾಲ ಮಾಡಿದ್ದ, ಮೇಲೆ ಕೈಸಾಲ ಬೇರೆ. ವಸೂಲಿಗೆ ಬಂದವರು ಮನೆ ಮುಂದೆ ಕೂತು ಹೋಗಿದ್ದರು. ಅವನು ಕಟ್ಟೆಗೆ ಬರುವುದು ಬಿಟ್ಟ, ಊಟ ಬಿಟ್ಟ. ಒಂದು ರಾತ್ರಿ ಅವನ ಹೆಂಡತಿ ಓಡಿ ಬಂದಳು. ‘ಭಾವ, ಇವತ್ತು ಪಹಣಿ, ಪಾಸ್‌ಬುಕ್ಕು ಎಲ್ಲಾ ನನ್ನ ಕೈಗೆ ಕೊಟ್ರು. ಯಾರಿಗೆ ಎಷ್ಟು ಕೊಡ್ಬೇಕು ಅಂತ ಲೆಕ್ಕ ಒಪ್ಸಿದ್ರು. ಮಗನಿಗೆ ಅವ್ವನ್ನ ನೋಡ್ಕೋ ಅಂದ್ರು’ ಅಂದಳು. ಇಂಥ ಲೆಕ್ಕ ಒಪ್ಪಿಸುವುದನ್ನು ಕೇಳಿದರೆ ಬೆಳಗಾಗಲಿ ನೋಡೋಣ ಅನ್ನಬಾರದು.

ಆಸ್ಪತ್ರೆ ಗೋಡೆಯ ಕಾಗದ ನೋಡಿ ನನ್ನ ಮಗ ನಂಬರು ಬರೆದುಕೊಂಡಿದ್ದ. ನಾನು ಅವನ ಮನೆಗೆ ಹೋಗುತ್ತಾ ದಾರಿಯಲ್ಲೇ ಫೋನು ಹಚ್ಚಿದೆ. ಎತ್ತಿದವರು ಒಬ್ಬ ಹೆಣ್ಣುಮಗಳು. ಉಪದೇಶ ಮಾಡಲಿಲ್ಲ, ಒಂದೊಂದೇ ಕೇಳಿದರು. ಈಗ ಅವರ ಜೊತೆ ಯಾರಿದ್ದಾರೆ? ಕುಡಿದಿದ್ದಾರಾ? ಮೊದಲು ಯಾವಾಗಲಾದರೂ ಹೀಗೆ ಆಗಿತ್ತಾ? ಮನೆಯಲ್ಲಿ ಹೊಡೆಯುವ ಔಷಧಿ ಇದೆಯಾ, ಎಲ್ಲಿದೆ? ಅದನ್ನು ಮೊದಲು ಬೇರೆ ಮನೆಗೆ ಸಾಗಿಸಿ, ಆಮೇಲೆ ಮಾತು ಅಂದರು. ನನ್ನ ಮಗ ಕೊಟ್ಟಿಗೆಯ ಅಟ್ಟದಿಂದ ಎಲ್ಲ ಇಳಿಸಿ ನಮ್ಮ ಮನೆಗೆ ತಂದು ಬೀಗ ಹಾಕಿದ.

ಆಮೇಲೆ ಅವರು ಹೇಳಿದ್ದು ನನಗೆ ಹೊಸದು. ‘ಸಾಯ್ಬೇಕು ಅನ್ನಿಸ್ತಿದೆಯಾ ಅಂತ ಅವರನ್ನ ನೇರವಾಗಿ ಕೇಳಿ’ ಅಂದರು. ನಮ್ಮಲ್ಲಿ ಹಾಗೆ ಕೇಳುವವರಿಲ್ಲ. ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಭಯ. ಆದರೆ ಹುಳ ಬಿದ್ದಿದೆಯಾ ಅಂತ ಎಲೆ ತಿರುವಿ ನೋಡಿದ ಮಾತ್ರಕ್ಕೆ ಬೆಳೆಗೆ ಹುಳ ಬೀಳುವುದಿಲ್ಲವಲ್ಲ. ಕೇಳಿದೆ. ಅವನು ಹೌದಣ್ಣಾ ಅಂತ ಅತ್ತುಬಿಟ್ಟ. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದು ಹೊರಗೆ ಬಂತು. ಫೋನನ್ನು ಅವನ ಕೈಗೆ ಕೊಟ್ಟೆ. ಮುಕ್ಕಾಲು ಗಂಟೆ ಮಾತಾಡಿದ. ಮಧ್ಯೆ ನಮ್ಮೂರಿನ ಸಿಗ್ನಲ್ ಕೈಕೊಟ್ಟು ಕರೆ ಕಟ್ಟಾಯಿತು. ಮತ್ತೆ ಮಾಡಿದಾಗ ಸಿಕ್ಕವರು ಬೇರೆಯವರು. ‘ಈಗ ತಾನೆ ಮಾತಾಡ್ತಿದ್ವಿ, ಹೀಗೀಗೆ’ ಅಂತ ನಾಲ್ಕು ಮಾತಿನಲ್ಲಿ ಹೇಳಿದೆ, ಅಲ್ಲಿಂದ ಮುಂದುವರಿಸಿದರು. ಹೆಸರು ಊರು ಕೇಳಿದರು. ಜೀವಕ್ಕೆ ಅಪಾಯ ಇರುವಾಗ ಇರುವ ಜಾಗ ಹೇಳುವುದೇ ಒಳ್ಳೆಯದು, ಸಹಾಯ ಕಳಿಸಲು ಬೇಕಾಗುತ್ತದೆ.

ಫೋನಿನಲ್ಲಿ ಸಾಲ ತೀರುವುದಿಲ್ಲ, ಮಳೆ ಬರುವುದಿಲ್ಲ. ಇದನ್ನು ನಮ್ಮೂರ ಕೆಲವರು ಹಾಸ್ಯವಾಗಿ ಕೇಳಿದ್ದೂ ಉಂಟು. ಆದರೆ ಸಾಯುವ ಯೋಚನೆ ಒಂದೇ ಬಿರುಸಿನಲ್ಲಿ ಇಪ್ಪತ್ತನಾಲ್ಕು ಗಂಟೆ ಇರುವುದಿಲ್ಲ. ಬಿರುಗಾಳಿ ಹಾಗೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಔಷಧಿ ಕೈಗೆ ಸಿಗದಿದ್ದರೆ, ಪಕ್ಕದಲ್ಲಿ ಒಬ್ಬರಿದ್ದರೆ, ಮನುಷ್ಯ ಉಳಿಯುತ್ತಾನೆ. ಆ ಹೊತ್ತನ್ನು ದಾಟಿಸುವುದೇ ಫೋನಿನ ಕೆಲಸ. ಆ ರಾತ್ರಿ ನಾವಿಬ್ಬರು ಅವನ ಪಕ್ಕದಲ್ಲೇ ಮಲಗಿದೆವು. ಹೆಂಡತಿ ಮಕ್ಕಳ ಮುಖ ನೋಡು, ಗಂಡಸಾಗಿ ಹೀಗಾ ಅಂತೆಲ್ಲ ಅನ್ನಬೇಡಿ ಅಂತ ಮೊದಲೇ ಹೇಳಿದ್ದರು. ತಾನು ಮನೆಗೆ ಭಾರ ಅಂತ ತಿಳಿದುಕೊಂಡವನಿಗೆ ಆ ಮಾತು ಇನ್ನೊಂದು ಹೊರೆ.

ಫೋನು ಮಾಡಲು ಜನ ಹೆದರುವುದು ಪೊಲೀಸ್ ಕೇಸಿಗೆ. ಮೊದಲು ಐಪಿಸಿ 309ನೇ ಕಲಂ ಇತ್ತು, ಸಾಯಲು ಹೋಗಿ ಬದುಕಿದವನ ಮೇಲೆ ಕೇಸು ಹಾಕಬಹುದಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಹಾಗೆ ಮಾಡಿಕೊಂಡವನು ತೀವ್ರ ಒತ್ತಡದಲ್ಲಿದ್ದ ಅಂತ ತಿಳಿಯಬೇಕು, ಶಿಕ್ಷಿಸಬಾರದು, ಸರ್ಕಾರ ಆರೈಕೆ ಮಾಡಬೇಕು ಅನ್ನುತ್ತದೆ. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಆ ಹಳೇ 309 ಇಲ್ಲ. ಸರ್ಕಾರಿ ಅಧಿಕಾರಿಯ ಕೆಲಸಕ್ಕೆ ಅಡ್ಡಿ ಮಾಡಲು ಹಾಗೆ ಮಾಡಿಕೊಂಡರೆ ಮಾತ್ರ ಬೇರೆ ಕಲಂ ಇದೆ. ಕೇಸಿನ ಭಯಕ್ಕೆ ಮುಚ್ಚಿಡುವುದು ಈಗ ಬೇಕಾಗಿಲ್ಲ.

ಔಷಧಿ ಈಗಾಗಲೇ ಹೊಟ್ಟೆಗೆ ಹೋಗಿದ್ದರೆ 14416ಕ್ಕೆ ಮಾಡುತ್ತ ಕೂರಬೇಡಿ. ಮೊದಲು 108. ಗಾಡಿ ತಡ ಅನ್ನಿಸಿದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ರೂಢಿ, ಅದನ್ನು ಮಾಡಬಾರದು. ಉಸಿರಿನ ದಾರಿಗೆ ಹೋದರೆ ಇನ್ನೂ ಅಪಾಯ. ಔಷಧಿಯ ಡಬ್ಬಿಯನ್ನು, ಚೀಟಿ ಹರಿಯದೆ, ಜೊತೆಗೆ ಒಯ್ಯಿರಿ. ಡಾಕ್ಟರು ಮೊದಲು ಕೇಳುವುದು ಅದನ್ನೇ. ಕುಡಿದಿದ್ದು ಸ್ವಲ್ಪವೇ, ಈಗ ಚೆನ್ನಾಗಿದ್ದಾನೆ ಅಂದರೂ ಆಸ್ಪತ್ರೆ ತಪ್ಪಿಸಬೇಡಿ.

ಫೋನಾದ ಮೇಲೆ ಡಾಕ್ಟರಿಗೆ ತೋರಿಸಬೇಕು. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸಿನವರು ಹಳ್ಳಿ ಆಸ್ಪತ್ರೆ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಅಲ್ಲೇ ಮದ್ದು ಕೊಡುವಂತೆ ಮಾಡಿದ್ದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುವ ಪದ್ಧತಿ ಮಾಡಿದರು. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಮಾತ್ರೆ ಕೊಟ್ಟರೆ ಎರಡು ಮೂರು ವಾರ ಗುಣ ಕಾಣುವುದಿಲ್ಲ. ನಮ್ಮವನು ಎಂಟನೇ ದಿನಕ್ಕೇ ಬೇಡ ಅಂದ. ಅವನ ಹೆಂಡತಿ ಬಿಡಲಿಲ್ಲ, ದಿನಾ ಕೈಯಾರೆ ಕೊಟ್ಟಳು. ತಿಂಗಳು ಕಳೆಯುವ ಹೊತ್ತಿಗೆ ನಿದ್ದೆ ಬಂತು, ಊಟ ಸೇರಿತು. ಮಾತ್ರೆ ನಿಲ್ಲಿಸುವುದು ಡಾಕ್ಟರು ಹೇಳಿದ ಮೇಲೇ.

ಸಾಲದ್ದು ಬೇರೆ ದಾರಿ. ಮನೆ ಮುಂದೆ ಕೂತು ಪೀಡಿಸುವವರ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಕಾಯ್ದೆಯೂ ಆಯಿತು. ಪೊಲೀಸ್ ಠಾಣೆಗೆ ದೂರು ಕೊಡಬಹುದು. ಹೋಗುವಾಗ ಅವನೊಬ್ಬನನ್ನೇ ಕಳಿಸದೆ ಜೊತೆಗೆ ಒಬ್ಬರು ಹೋಗಿ.

ನಮ್ಮೂರಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ. ನಿಮ್ಮೂರಲ್ಲಿ ಎಲ್ಲಿ ಅಂತ ಈಗಲೇ ನೋಡಿಟ್ಟುಕೊಳ್ಳಿ. ಹೊಡೆದು ಉಳಿದ ಔಷಧಿಯನ್ನು ಅಟ್ಟದ ಮೇಲೆ ಇಡದೆ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ಇನ್ನೊಂದು ಮನೆಯಲ್ಲಿರಲಿ. ನಮ್ಮ ಓಣಿಯ ಆರು ಮನೆಯ ಔಷಧಿ ಈಗ ಒಂದೇ ಪೆಟ್ಟಿಗೆಯಲ್ಲಿದೆ, ಬೀಗದ ಕೈ ನನ್ನ ಅತ್ತಿಗೆಯ ಹತ್ತಿರ. ಕೇಳಲು ಹೋದವರನ್ನು ಅವರು ಯಾವ ಬೆಳೆಗೆ, ಎಷ್ಟು ಎಕರೆಗೆ ಅಂತ ವಿಚಾರಿಸಿಯೇ ಕೊಡುತ್ತಾರೆ.